ಲೋಹದ ಜೊತೆ ಲಿಗ್ಯಾಂಡ್ ಕೂಡ ದುಡಿಯುತ್ತದೆ, ಅದನ್ನೂ ಮಕ್ಕಳಿಗೆ ಹೇಳೋಣ

ಮಾನ್ಯ ಸಂಪಾದಕರೇ,

ಹಸಿರು ಹೈಡ್ರೋಜನ್ (ಬಿಸಿಲು, ಗಾಳಿಯಂಥ ಮೂಲದ ವಿದ್ಯುತ್ತಿನಿಂದ ನೀರು ಒಡೆದು ಮಾಡುವ ಹೈಡ್ರೋಜನ್) ಬಗ್ಗೆ ನಿಮ್ಮ ಪತ್ರಿಕೆಯಲ್ಲಿ ಬಂದ ಲೇಖನ ಓದಿದೆ. ಚೆನ್ನಾಗಿತ್ತು. ಕನ್ನಡದಲ್ಲಿ ಇಂಥ ವಿಷಯ ಬರೆಯುವವರೇ ಕಡಿಮೆ, ಹಾಗಾಗಿ ಮೊದಲು ಧನ್ಯವಾದ ಹೇಳುತ್ತೇನೆ. ಆದರೆ ಓದಿ ಮುಗಿಸಿದ ಮೇಲೆ ಒಂದು ಕೊರತೆ ಕಾಡಿತು. ಲೇಖನದ ತುಂಬ ಕ್ಯಾಟಲಿಸ್ಟ್ ಆಗಿ, ಅಂದರೆ ತಾನು ಖರ್ಚಾಗದೆ ಕ್ರಿಯೆಯ ವೇಗ ಹೆಚ್ಚಿಸುವ ವಸ್ತುವಾಗಿ, ಬಳಸುವ ಲೋಹದ್ದೇ ಮಾತು. ಇರಿಡಿಯಂ ಸಿಗುವುದು ಕಷ್ಟ, ಪ್ಲಾಟಿನಂ ದುಬಾರಿ, ರುಥೇನಿಯಂ ಹೊರದೇಶದಿಂದ ಬರಬೇಕು, ಅಗ್ಗದ ಲೋಹ ಹುಡುಕಬೇಕು. ಇದೆಲ್ಲ ನಿಜ. ಆದರೆ ಅಗ್ಗದ ಲೋಹವನ್ನು ಸುಮ್ನೆ ತಂದು ಹಾಕಿದರೆ ಅದು ದುಬಾರಿ ಲೋಹದ ಕೆಲಸ ಮಾಡುವುದಿಲ್ಲ. ಲೋಹದ ಸುತ್ತ ಅಂಟಿಕೊಂಡಿರುವ ಅಣು ಅಥವಾ ಅಯಾನು, ಅಂದರೆ ಲಿಗ್ಯಾಂಡ್ ಕೂಡ ಕೈ ಜೋಡಿಸಬೇಕು. ಅದರ ಬಗ್ಗೆ ಲೇಖನದಲ್ಲಿ ಒಂದು ಸಾಲೂ ಇರಲಿಲ್ಲ. ನಾನು ಉಡುಪಿಯಲ್ಲಿ ಪಿಯು ಮಕ್ಕಳಿಗೆ ಕೆಮಿಸ್ಟ್ರಿ ಪಾಠ ಮಾಡುವವಳು. ಈ ವಿಷಯ ನನಗೆ ಬಹಳ ಇಷ್ಟದ್ದು. ಅದಕ್ಕೇ ಪತ್ರ ಸ್ವಲ್ಪ ಉದ್ದವಾಗಿದೆ, ದಯವಿಟ್ಟು ಪೂರ್ತಿ ಪ್ರಕಟಿಸಿ.

ನಮ್ಮೂರಿಗೆ ಗೊತ್ತಿರುವ ಒಂದು ವಸ್ತುವಿನಿಂದಲೇ ಶುರು ಮಾಡುತ್ತೇನೆ. ಬೆಳ್ತಂಗಡಿ, ಪುತ್ತೂರು, ಸುಳ್ಯ, ಕಡಬದ ಕಡೆ ರಬ್ಬರ್ ತೋಟ ಇರುವ ಯಾರ ಮನೆಗೆ ಹೋದರೂ ಶೆಡ್ಡಿನ ಮೂಲೆಯಲ್ಲಿ ಒಂದು ಪ್ಲಾಸ್ಟಿಕ್ ಕ್ಯಾನ್ ಇರುತ್ತದೆ. ಮುಚ್ಚಳ ತೆಗೆದರೆ ಮೂಗು ಉರಿಯುತ್ತದೆ. ಎಲ್ಲರೂ ಅದನ್ನು ಆಸಿಡ್ ಎಂದಷ್ಟೇ ಕರೆಯುತ್ತಾರೆ. ಅದು ಫಾರ್ಮಿಕ್ ಆಸಿಡ್. ಬೆಳಗ್ಗೆ ಟ್ಯಾಪಿಂಗ್ ಮಾಡಿ ತಂದ ಹಾಲನ್ನು ಸೋಸಿ, ನೀರು ಬೆರೆಸಿ ಡಿಶ್‌ಗೆ ಹಾಕಿ, ಈ ಆಸಿಡನ್ನೂ ಚೆನ್ನಾಗಿ ನೀರು ಮಾಡಿ ಸುರಿದು ಕದಡುತ್ತಾರೆ. ಮೇಲೆ ಬಂದ ನೊರೆ ತೆಗೆದು ಬಿಡುತ್ತಾರೆ. ರಬ್ಬರ್ ಹಾಲಿನ ಸಣ್ಣ ಸಣ್ಣ ಕಣಗಳ ಮೇಲೆ ಋಣ ವಿದ್ಯುತ್ತಿನ ಅಂಶ ಇರುವುದರಿಂದ ಅವು ಒಂದನ್ನೊಂದು ದೂಡಿಕೊಂಡು ಬೇರೆ ಬೇರೆಯಾಗಿ ತೇಲುತ್ತಿರುತ್ತವೆ. ಆಸಿಡ್ ಬಿದ್ದಾಗ ಆ ದೂಡಾಟ ನಿಲ್ಲುತ್ತದೆ, ಕಣಗಳು ಒಟ್ಟು ಸೇರಿ ಗಟ್ಟಿಯಾಗುತ್ತವೆ. ಮಾರನೇ ದಿನ ಅದನ್ನು ಮಿಷನ್ನಿಗೆ ಕೊಟ್ಟು ಶೀಟ್ ಮಾಡುತ್ತಾರೆ. ಮರದ ಮೇಲಿನ ಕೆಂಪು ಚಗಳಿ ಇರುವೆ ಮೈಮೇಲೆ ಬಿದ್ದಾಗ ಉರಿಯುತ್ತದಲ್ವಾ, ಆ ಉರಿಯ ಹಿಂದೆಯೂ ಇದೇ ಆಸಿಡ್ ಇದೆ.

ಈ ಕ್ಯಾನಿನಲ್ಲಿರುವ ಆಸಿಡ್ ಇವತ್ತು ಹೈಡ್ರೋಜನ್ ಸಂಗ್ರಹದ ಚರ್ಚೆಯಲ್ಲಿ ದೊಡ್ಡ ಹೆಸರು. ಕಾರಣ ಸರಳ. ಹೈಡ್ರೋಜನ್ ಅನಿಲವನ್ನು ಇಟ್ಟುಕೊಳ್ಳುವುದು ಬಹಳ ಕಷ್ಟ. ಒಂದೋ ವಿಪರೀತ ಒತ್ತಡದಲ್ಲಿ ಸಿಲಿಂಡರಿಗೆ ತುಂಬಬೇಕು, ಇಲ್ಲಾ ಸೊನ್ನೆಗಿಂತ 253 ಡಿಗ್ರಿ ಕೆಳಗೆ ಇಳಿಸಿ ದ್ರವ ಮಾಡಬೇಕು. ಫಾರ್ಮಿಕ್ ಆಸಿಡ್ ಹಾಗಲ್ಲ, ಅದು ಮಾಮೂಲಿ ಬಿಸಿಯಲ್ಲೇ ದ್ರವ. ಅದರ ತೂಕದಲ್ಲಿ ಶೇ. 4.4ರಷ್ಟು ಹೈಡ್ರೋಜನ್, ಅಂದರೆ ಒಂದು ಲೀಟರ್‌ನಲ್ಲಿ ಸುಮಾರು 53 ಗ್ರಾಂ. ಕಾರ್ಬನ್ ಡೈಆಕ್ಸೈಡ್ ಮತ್ತು ಹೈಡ್ರೋಜನ್ ಸೇರಿಸಿದರೆ ಈ ಆಸಿಡ್, ಇದನ್ನೇ ಒಡೆದರೆ ಮತ್ತೆ ಅವೆರಡು. ಬೇಕಾದಾಗ ಸೇರಿಸುವುದು, ಬೇಕಾದಾಗ ಒಡೆಯುವುದು. ಈ ಎರಡೂ ಕೆಲಸಕ್ಕೆ ಕ್ಯಾಟಲಿಸ್ಟ್ ಬೇಕು. ಲಿಗ್ಯಾಂಡ್‌ನ ಕಥೆ ಬರುವುದು ಇಲ್ಲಿಯೇ.

ಇಂದು ಮಾರುಕಟ್ಟೆಗೆ ಬರುವ ಫಾರ್ಮಿಕ್ ಆಸಿಡ್‌ನ ದೊಡ್ಡ ಪಾಲನ್ನು ಮಾಡುವುದು ಹೀಗಲ್ಲ, ಅದನ್ನೂ ಹೇಳಿಬಿಡುತ್ತೇನೆ. ಮೆಥನಾಲ್ ಮತ್ತು ಕಾರ್ಬನ್ ಮಾನಾಕ್ಸೈಡ್ ಸೇರಿಸಿ ಮೀಥೈಲ್ ಫಾರ್ಮೇಟ್ ಮಾಡಿ, ಅದನ್ನು ನೀರಿನಿಂದ ಒಡೆದು ಆಸಿಡ್ ತೆಗೆಯುತ್ತಾರೆ. ಹಾಗಾಗಿ ನಾಳೆಯೇ ಬೆಳ್ತಂಗಡಿಯ ರಬ್ಬರ್ ಶೆಡ್ಡಿಗೆ ಕಾರ್ಬನ್ ಡೈಆಕ್ಸೈಡ್‌ನಿಂದ ಮಾಡಿದ ಆಸಿಡ್ ಬರುತ್ತದೆ ಎಂದು ನಾನು ಹೇಳುತ್ತಿಲ್ಲ.

ಈಗ ಲಿಗ್ಯಾಂಡ್ ಎಂದರೆ ಏನು ಎಂಬ ಮಾತಿಗೆ ಬರೋಣ. ದ್ವಿತೀಯ ಪಿಯುಸಿ ಪಾಠದಲ್ಲಿ ಒಂದು ಲೋಹದ ಅಯಾನು ಮಧ್ಯೆ ಕೂತಿರುತ್ತದೆ, ಸುತ್ತ ಅಮೋನಿಯಾ, ನೀರು, ಕ್ಲೋರೈಡ್, ಸಯನೈಡ್ ಇತ್ಯಾದಿ ಎಲೆಕ್ಟ್ರಾನ್ ಜೋಡಿ ಕೊಟ್ಟು ಹಿಡಿದುಕೊಂಡಿರುತ್ತವೆ. ಆ ಸುತ್ತಲಿನವೇ ಲಿಗ್ಯಾಂಡ್‌ಗಳು. ಆಲ್ಫ್ರೆಡ್ ವರ್ನರ್ 1893ರಲ್ಲಿ ಈ ಚಿತ್ರ ಕೊಟ್ಟರು, 1913ರಲ್ಲಿ ಅವರಿಗೆ ನೊಬೆಲ್ ಬಂತು. ನಾವು ಮಕ್ಕಳಿಗೆ ಹೆಸರಿಡುವುದು ಕಲಿಸುತ್ತೇವೆ, ಐಸೋಮರ್ ಎಣಿಸುವುದು ಕಲಿಸುತ್ತೇವೆ, ಬಣ್ಣ ಯಾಕೆ ಬರುತ್ತದೆ ಎಂದು ಹೇಳುತ್ತೇವೆ. ಪಾಠದ ಕೊನೆಯ ಕಡೆ ಒಂದೇ ಸಾಲಿನಲ್ಲಿ ವಿಲ್ಕಿನ್ಸನ್ ಕ್ಯಾಟಲಿಸ್ಟ್ ಬರುತ್ತದೆ. ರೋಡಿಯಂ, ಅದರ ಸುತ್ತ ಮೂರು ಟ್ರೈಫಿನೈಲ್ ಫಾಸ್ಫೀನ್ (ಫಾಸ್ಫರಸ್ ಮೂಲಕ ಲೋಹ ಹಿಡಿಯುವ ಲಿಗ್ಯಾಂಡ್), ಒಂದು ಕ್ಲೋರೈಡ್, ಆಲ್ಕೀನ್‌ಗೆ ಹೈಡ್ರೋಜನ್ ಸೇರಿಸಲು ಬಳಕೆ. ಅಷ್ಟೇ, ಮುಂದಿನ ಪಾಠ. ಇದರಿಂದ ಮಕ್ಕಳ ತಲೆಯಲ್ಲಿ ಉಳಿಯುವ ಚಿತ್ರ ಯಾವುದು ಗೊತ್ತಾ? ಲೋಹ ಕೆಲಸ ಮಾಡುತ್ತದೆ, ಲಿಗ್ಯಾಂಡ್ ಪಕ್ಕದಲ್ಲಿ ನಿಂತು ನೋಡುತ್ತದೆ. ಬಹಳ ಕಾಲ ಸಂಶೋಧಕರೂ ಹೆಚ್ಚುಕಡಿಮೆ ಹಾಗೆಯೇ ಯೋಚಿಸುತ್ತಿದ್ದರು. ಲಿಗ್ಯಾಂಡ್ ಲೋಹದ ಸ್ವಭಾವ ತಿದ್ದುತ್ತದೆ, ಸುತ್ತಲಿನ ಜಾಗದ ಆಕಾರ ಬದಲಿಸುತ್ತದೆ, ಆದರೆ ಬಾಂಡ್ ಮುರಿಯುವುದು ಕಟ್ಟುವುದು ಎಲ್ಲ ಲೋಹದ್ದೇ ಎಂದು.

ಆಕಾರ ಬದಲಿಸುವುದೂ ಸಣ್ಣ ಕೆಲಸ ಅಲ್ಲ. ಮಾನ್ಸಾಂಟೊ ಕಂಪನಿಯಲ್ಲಿ ವಿಲಿಯಂ ನೋಲ್ಸ್ ರೋಡಿಯಂಗೆ ಎಡಗೈ ಬಲಗೈಯಂತೆ ಎಡ-ಬಲ ಭೇದ ಇರುವ ಫಾಸ್ಫೀನ್ ಕಟ್ಟಿ ಎಲ್-ಡೋಪಾ ಎಂಬ ಔಷಧಿ ಮಾಡುವ ದಾರಿ ಕಂಡುಹಿಡಿದರು. ಪಾರ್ಕಿನ್ಸನ್ ಕಾಯಿಲೆಗೆ ಕೊಡುವ ಔಷಧಿ ಅದು. ನಮ್ಮ ಬೇಲಿ ಬದಿಯಲ್ಲಿ ಬೆಳೆಯುವ, ಮುಟ್ಟಿದರೆ ಮೈಯೆಲ್ಲ ತುರಿಸುವ ನಸುಗುನ್ನಿಯ ಬೀಜದಲ್ಲೂ ಇದೇ ಎಲ್-ಡೋಪಾ ಇದೆ. ಗಿಡ ತನ್ನ ಎಂಜೈಮ್‌ನಿಂದ ಮಾಡುವುದನ್ನು ನೋಲ್ಸ್ ಒಂದು ಲಿಗ್ಯಾಂಡ್‌ನ ಆಕಾರದಿಂದ ಮಾಡಿಸಿದರು. ಅಲ್ಲಿ ಎರಡು ಹೈಡ್ರೋಜನ್ ಕೂಡ ಲೋಹದ ಮೂಲಕವೇ ಹೋಗುತ್ತವೆ. ಯಾವ ಬದಿಯಿಂದ ಹೋಗಬೇಕು ಎಂದು ತೀರ್ಮಾನಿಸುವುದು ಮಾತ್ರ ಲಿಗ್ಯಾಂಡ್.

ನಿಜವಾದ ತಿರುವು ಜಪಾನಿನ ನಗೋಯಾದ ರ್‍ಯೋಜಿ ನೊಯೋರಿ ಅವರ ಕೆಲಸದಲ್ಲಿ ಬಂತು. ನೋಲ್ಸ್ ಮತ್ತು ಶಾರ್ಪ್‌ಲೆಸ್ ಜೊತೆ 2001ರ ನೊಬೆಲ್ ಹಂಚಿಕೊಂಡವರು ಇವರು. 1990ರ ದಶಕದಲ್ಲಿ ನೊಯೋರಿ ತಂಡ ರುಥೇನಿಯಂಗೆ ಫಾಸ್ಫೀನ್ ಜೊತೆ ಎರಡು ಸಾರಜನಕ ಇರುವ ಒಂದು ಡೈಅಮೀನ್ ಕೂಡ ಸೇರಿಸಿತು. ಆ ಅಮೀನ್‌ನಲ್ಲಿ ಸಾರಜನಕದ ಮೇಲೆ ಹೈಡ್ರೋಜನ್ ಇದೆ. ಅವರು ಕೊಟ್ಟ ವಿವರಣೆ ಹೀಗೆ. ಕೀಟೋನ್ (ಕಾರ್ಬನ್ ಮತ್ತು ಆಕ್ಸಿಜನ್ ನಡುವೆ ಜೋಡಿ ಬಾಂಡ್ ಇರುವ ಸಂಯುಕ್ತ) ಹತ್ತಿರ ಬಂದಾಗ ಅದರ ಕಾರ್ಬನ್‌ಗೆ ರುಥೇನಿಯಂ ಮೇಲಿನ ಹೈಡ್ರೋಜನ್ ಹೋಗುತ್ತದೆ, ಅದೇ ಹೊತ್ತಿಗೆ ಅದರ ಆಕ್ಸಿಜನ್‌ಗೆ ಸಾರಜನಕದ ಮೇಲಿನ ಹೈಡ್ರೋಜನ್ ಹೋಗುತ್ತದೆ. ಕೀಟೋನ್ ಲೋಹಕ್ಕೆ ಅಂಟಿಕೊಳ್ಳಬೇಕಾಗಿಯೇ ಇಲ್ಲ. ಆಮೇಲೆ ಹೊಸ ಹೈಡ್ರೋಜನ್ ಅಣು ಬಂದು ಎರಡಾಗಿ ಸೀಳಿ, ಒಂದು ಭಾಗ ಲೋಹಕ್ಕೆ, ಇನ್ನೊಂದು ಸಾರಜನಕಕ್ಕೆ ಸೇರಿಕೊಳ್ಳುತ್ತದೆ. ಮತ್ತೆ ಮೊದಲಿಂದ. ರಬ್ಬರ್ ಶೀಟ್ ಹೊಡೆಯುವ ಮಿಷನ್ನಿನಲ್ಲಿ ಒಬ್ಬರು ಚಕ್ರ ತಿರುಗಿಸಬೇಕು, ಇನ್ನೊಬ್ಬರು ಅದೇ ಹೊತ್ತಿಗೆ ಗಟ್ಟಿಯಾದ ಹಾಲನ್ನು ರೋಲರಿನ ಬಾಯಿಗೆ ಕೊಡಬೇಕು, ಒಬ್ಬರೇ ಆದರೆ ಕೆಲಸ ಎಳೆಯುತ್ತದೆ. ಇಲ್ಲಿ ಲೋಹ ಮತ್ತು ಲಿಗ್ಯಾಂಡ್ ಕೆಲಸ ಹಂಚಿಕೊಳ್ಳುವುದೂ ಹಾಗೆಯೇ.

ಇದರ ಫಲ ಎಷ್ಟು ಅಂತ ನೋಡಿ. ಎರಡು ಮಿಲಿಗ್ರಾಂಗಿಂತ ತುಸು ಹೆಚ್ಚು ಕ್ಯಾಟಲಿಸ್ಟ್ ಹಾಕಿ ಸುಮಾರು 600 ಗ್ರಾಂ ಕೀಟೋನ್, ಅಂದರೆ ಅಸಿಟೋಫಿನೋನ್‌ಗೆ ಹೈಡ್ರೋಜನ್ ಸೇರಿಸಿದರು. ಅಂದರೆ ಕ್ಯಾಟಲಿಸ್ಟಿನ ಒಂದೊಂದು ಅಣು ಸುಮಾರು 24 ಲಕ್ಷ ಸಲ ಕೆಲಸ ಮಾಡಿದೆ. ಎರಡು ಮಿಲಿಗ್ರಾಂ ಎಂದರೆ ಲ್ಯಾಬಿನ ಮಾಮೂಲಿ ತಕ್ಕಡಿಯಲ್ಲಿ ಸರಿಯಾಗಿ ತೂಗಲೂ ಆಗದಷ್ಟು. ನಾನು ಇದನ್ನು ಕ್ಲಾಸಿನಲ್ಲಿ ಹೇಳುವಾಗ ಮಕ್ಕಳು ಬರೆಯುವುದು ನಿಲ್ಲಿಸಿ ತಲೆ ಎತ್ತುತ್ತಾರೆ.

ಈಗ ಫಾರ್ಮಿಕ್ ಆಸಿಡ್‌ಗೆ ವಾಪಸ್. 2009ರಲ್ಲಿ ಟೋಕಿಯೊ ವಿಶ್ವವಿದ್ಯಾಲಯದ ಕ್ಯೋಕೊ ನೊಝಾಕಿ ಅವರ ತಂಡ ಇರಿಡಿಯಂಗೆ ಪಿನ್ಸರ್ ಲಿಗ್ಯಾಂಡ್ ಕಟ್ಟಿತು. ಪಿನ್ಸರ್ ಎಂದರೆ ಲೋಹವನ್ನು ಮೂರು ಕಡೆಯಿಂದ ಬಿಗಿಯಾಗಿ ಹಿಡಿಯುವ ಲಿಗ್ಯಾಂಡ್. ಮಧ್ಯದಲ್ಲಿ ಪಿರಿಡೀನ್ ಉಂಗುರದ ಸಾರಜನಕ, ಎರಡು ಬದಿಯಲ್ಲಿ ಫಾಸ್ಫರಸ್. ಉಂಗುರಕ್ಕೂ ಫಾಸ್ಫರಸ್‌ಗೂ ನಡುವೆ ಒಂದು ಪುಟ್ಟ ತೋಳು, ಒಂದು ಕಾರ್ಬನ್, ಅದರ ಮೇಲೆ ಎರಡು ಹೈಡ್ರೋಜನ್. ಮೇಲ್ನೋಟಕ್ಕೆ ಅದು ಬರೀ ಜೋಡಣೆಯ ತುಂಡು. ಆದರೆ ಕ್ಷಾರ ಹಾಕಿದಾಗ ಆ ತೋಳು ಒಂದು ಪ್ರೋಟಾನ್, ಅಂದರೆ ಎಲೆಕ್ಟ್ರಾನ್ ಇಲ್ಲದ ಹೈಡ್ರೋಜನ್, ಬಿಟ್ಟುಕೊಡಬಲ್ಲದು. ಆಗ ಪಿರಿಡೀನ್ ಉಂಗುರಕ್ಕೆ ವಿಶೇಷ ಸ್ಥಿರತೆ ಕೊಡುವ ಆರೋಮ್ಯಾಟಿಕ್ ಗುಣ ತಾತ್ಕಾಲಿಕವಾಗಿ ಹೋಗುತ್ತದೆ, ಎಲೆಕ್ಟ್ರಾನ್‌ಗಳು ಸ್ಥಳ ಬದಲಿಸುತ್ತವೆ. ಹೈಡ್ರೋಜನ್ ಅಣು ಬಂದು ಸೀಳಿದಾಗ ಒಂದು ಪಾಲು ಇರಿಡಿಯಂಗೆ, ಇನ್ನೊಂದು ಪಾಲು ತೋಳಿಗೆ. ಉಂಗುರ ಮತ್ತೆ ಆರೋಮ್ಯಾಟಿಕ್ ಆಗುತ್ತದೆ. ಉಂಗುರ ಮೊದಲಿನ ಸ್ಥಿತಿಗೆ ಮರಳಲು ಬಯಸುವುದೇ ಇಡೀ ಚಕ್ರವನ್ನು ಮುಂದಕ್ಕೆ ತಳ್ಳುವ ಒಂದು ಶಕ್ತಿ. ಈ ಉಪಾಯವನ್ನು ಬೆಳೆಸಿದ್ದು ಇಸ್ರೇಲಿನ ವೈಜ್‌ಮನ್ ಸಂಸ್ಥೆಯ ಡೇವಿಡ್ ಮಿಲ್‌ಸ್ಟೀನ್. ಅವರ ತಂಡ 2007ರಲ್ಲಿ ಆಲ್ಕೋಹಾಲ್ ಮತ್ತು ಅಮೀನ್ ಸೇರಿಸಿ ನೇರವಾಗಿ ಅಮೈಡ್ ಮಾಡಿತು, ಹೊರಗೆ ಬಿದ್ದದ್ದು ಹೈಡ್ರೋಜನ್ ಅನಿಲ ಮಾತ್ರ. ಆ ಪ್ರಬಂಧದ ಮೊದಲ ಲೇಖಕರು ಚಿದಂಬರಂ ಗುಣನಾಥನ್, ಆಮೇಲೆ ಭುವನೇಶ್ವರದ ನೈಸರ್‌ನಲ್ಲಿ ಪ್ರಾಧ್ಯಾಪಕರಾದರು. ಇದನ್ನು ಮಕ್ಕಳಿಗೆ ಹೇಳಲೇಬೇಕು.

ನೊಝಾಕಿ ತಂಡದ ಇರಿಡಿಯಂ ಕ್ಯಾಟಲಿಸ್ಟ್ ಕಾರ್ಬನ್ ಡೈಆಕ್ಸೈಡನ್ನು ಫಾರ್ಮೇಟ್ (ಫಾರ್ಮಿಕ್ ಆಸಿಡ್ ಕ್ಷಾರದ ಜೊತೆ ಸೇರಿದಾಗಿನ ಉಪ್ಪಿನ ರೂಪ) ಮಾಡುವಾಗ ಒಂದೊಂದು ಅಣು 35 ಲಕ್ಷ ಸಲ ತಿರುಗಿತು. ಆದರೆ ಅದಕ್ಕೆ ಬಿಸಿ ಬೇಕು, ಒತ್ತಡ ಬೇಕು, ಕ್ಷಾರ ಬೇಕು. 2012ರಲ್ಲಿ ಜಪಾನಿನ ಹಿಮೆಡಾ ಮತ್ತು ಅಮೆರಿಕದ ಬ್ರೂಕ್‌ಹೇವನ್ ಪ್ರಯೋಗಾಲಯದ ಫುಜಿಟಾ ಅವರ ತಂಡಗಳು ಸೇರಿ ಮಾಡಿದ ಕೆಲಸ ನನಗೆ ಇನ್ನೂ ಜಾಸ್ತಿ ಇಷ್ಟ. ಅಲ್ಲೂ ಇರಿಡಿಯಂ, ಆದರೆ ಲಿಗ್ಯಾಂಡ್‌ನ ಉಂಗುರದ ಮೇಲೆ ಹೈಡ್ರಾಕ್ಸಿಲ್ (ಒಂದು ಆಕ್ಸಿಜನ್, ಅದರ ಮೇಲೊಂದು ಹೈಡ್ರೋಜನ್) ಗುಂಪುಗಳಿವೆ. ನೀರು ಕ್ಷಾರೀಯವಾಗಿದ್ದರೆ ಆ ಗುಂಪುಗಳು ಪ್ರೋಟಾನ್ ಬಿಟ್ಟು ಋಣ ಅಂಶ ಹೊತ್ತ ಆಕ್ಸಿಜನ್ ಆಗುತ್ತವೆ. ಆಗ ಅವು ಲೋಹದ ಕಡೆಗೆ ಎಲೆಕ್ಟ್ರಾನ್ ತಳ್ಳುತ್ತವೆ, ಲೋಹದ ಮೇಲಿನ ಹೈಡ್ರೋಜನ್ ಕಾರ್ಬನ್ ಡೈಆಕ್ಸೈಡ್‌ಗೆ ಸುಲಭವಾಗಿ ಹೋಗುತ್ತದೆ, ಫಾರ್ಮೇಟ್ ಆಗುತ್ತದೆ. ಅದೇ ನೀರನ್ನು ಆಮ್ಲೀಯ ಮಾಡಿದರೆ ಆ ಗುಂಪುಗಳು ಪ್ರೋಟಾನ್ ವಾಪಸ್ ತೆಗೆದುಕೊಳ್ಳುತ್ತವೆ, ಕೆಲಸ ಉಲ್ಟಾ ನಡೆದು ಫಾರ್ಮಿಕ್ ಆಸಿಡ್ ಒಡೆದು ಹೈಡ್ರೋಜನ್ ಹೊರಗೆ ಬರುತ್ತದೆ. ಫಾರ್ಮೇಟ್ ಮಾಡುವ ಕೆಲಸ ಕೋಣೆಯ ಬಿಸಿಯಲ್ಲಿ, ಮಾಮೂಲಿ ವಾತಾವರಣದ ಒತ್ತಡದಲ್ಲೇ ನಡೆಯಿತು. ಪಿಎಚ್, ಅಂದರೆ ನೀರಿನ ಆಮ್ಲ-ಕ್ಷಾರದ ಅಳತೆ, ಬದಲಿಸಿದರೆ ದಿಕ್ಕು ಬದಲು! ಲೋಹ ಎರಡೂ ಕಡೆ ಒಂದೇ. ಲಿಗ್ಯಾಂಡ್ ಒಳಗಿನ ಒಂದು ಆಕ್ಸಿಜನ್ ಮೇಲೆ ಪ್ರೋಟಾನ್ ಇದೆಯೋ ಇಲ್ಲವೋ ಎಂಬುದರಲ್ಲಿ ಇಷ್ಟು ದೊಡ್ಡ ವ್ಯತ್ಯಾಸ ಇದೆ.

ಪಿಯು ಮಕ್ಕಳಿಗೆ ಇದು ಅರ್ಥವಾಗುವುದಿಲ್ಲ ಎಂದು ಯಾರೂ ಹೇಳಬೇಡಿ. ಪಿಎಚ್ ಗೊತ್ತು, ಫೀನಾಲ್ ಪ್ರೋಟಾನ್ ಬಿಡುತ್ತದೆ ಎಂದು ಗೊತ್ತು, ಕ್ರಿಯೆಯ ಸಮತೋಲನ ಯಾವ ಕಡೆ ವಾಲುತ್ತದೆ ಎಂದು ಹೇಳುವ ಲೇ ಶಾಟಲಿಯರ್ ನಿಯಮ ಗೊತ್ತು. ಇವಿಷ್ಟು ಗೊತ್ತಿದ್ದ ಮಗುವಿಗೆ ಬೋರ್ಡಿನ ಮೇಲೆ ಒಂದು ಚಕ್ರ ಬರೆದು ತೋರಿಸಿದರೆ ಸಾಕು.

ಒಂದು ಎಚ್ಚರಿಕೆಯನ್ನೂ ಹೇಳಬೇಕು. ಲಿಗ್ಯಾಂಡ್ ಕೈ ಜೋಡಿಸುತ್ತದೆ ಎಂದು ಚಿತ್ರ ಬರೆದ ಮಾತ್ರಕ್ಕೆ ಅದು ನಿಜ ಆಗುವುದಿಲ್ಲ. ನೊಯೋರಿ ಅವರ ಚಿತ್ರವನ್ನೇ ತೆಗೆದುಕೊಳ್ಳಿ. ಆಮೇಲೆ ಪಾವೆಲ್ ಡಬ್, ಜಾನ್ ಗಾರ್ಡನ್ ಮುಂತಾದ ಸಂಶೋಧಕರು ಲೆಕ್ಕ ಹಾಕಿ ನೋಡಿ, ಸಾರಜನಕದ ಮೇಲಿನ ಹೈಡ್ರೋಜನ್ ಪ್ರತಿ ಸುತ್ತಿನಲ್ಲೂ ಕಿತ್ತು ಹೋಗಲೇಬೇಕು ಎಂದಿಲ್ಲ, ಅದು ಹೈಡ್ರೋಜನ್ ಬಾಂಡ್ ಮೂಲಕ ಎದುರಿನ ಅಣುವನ್ನು ಹಿಡಿದು ನಿಲ್ಲಿಸಿದರೂ ಸಾಕು ಎಂದು ತೋರಿಸಿದರು. ನೊಝಾಕಿ ಅವರ ಇರಿಡಿಯಂ ವಿಷಯದಲ್ಲೂ ತೋಳು ಪ್ರೋಟಾನ್ ಹಿಡಿಯುವ ದಾರಿಯ ಜೊತೆಗೆ, ಹೊರಗಿನ ಕ್ಷಾರವೇ ನೇರವಾಗಿ ಸಹಾಯ ಮಾಡುವ ದಾರಿಯನ್ನೂ ಪರಿಗಣಿಸಿದ್ದಾರೆ. ಪರೀಕ್ಷೆ ಮಾಡಲು ದಾರಿಗಳಿವೆ. ಸಾರಜನಕದ ಮೇಲಿನ ಹೈಡ್ರೋಜನ್ ತೆಗೆದು ಅಲ್ಲಿ ಮೀಥೈಲ್ ಗುಂಪು ಕೂರಿಸಿ ನೋಡುವುದು ಒಂದು. ಕೆಲಸ ನಿಂತರೆ ಆ ಹೈಡ್ರೋಜನ್ ಮುಖ್ಯ ಎಂದು ಅಂದಾಜು. ಆದರೆ ಮೀಥೈಲ್ ಗುಂಪು ಜಾಗವನ್ನೂ ಜಾಸ್ತಿ ತಿನ್ನುತ್ತದೆ, ಹಾಗಾಗಿ ಅದೊಂದೇ ಸಾಕ್ಷಿ ಸಾಲದು. ಹೈಡ್ರೋಜನ್ ಬದಲು ಅದರದ್ದೇ ಭಾರದ ರೂಪವಾದ ಡ್ಯೂಟೀರಿಯಂ ಹಾಕಿ ವೇಗ ಎಷ್ಟು ಬದಲಾಗುತ್ತದೆ ಎಂದು ಅಳೆಯುವುದು ಇನ್ನೊಂದು. ಈ ಜಗ್ಗಾಟವನ್ನೂ ಮಕ್ಕಳಿಗೆ ಹೇಳಬೇಕು ಎಂಬುದು ನನ್ನ ಆಸೆ. ಪುಸ್ತಕದಲ್ಲಿ ಅಚ್ಚಾದ ಬಾಣದ ಗುರುತು ಆಕಾಶದಿಂದ ಬಿದ್ದದ್ದಲ್ಲ, ಯಾರೋ ಅಳೆದು, ವಾದ ಮಾಡಿ, ಮತ್ತೆ ಅಳೆದು ಬರೆದದ್ದು ಎಂದು ಅವರಿಗೆ ಗೊತ್ತಾಗಲಿ.

ಇನ್ನು ಅಗ್ಗದ ಲೋಹದ ಮಾತು. ಇರಿಡಿಯಂ ಭೂಮಿಯ ಹೊರಪದರದಲ್ಲಿ ಅತಿ ವಿರಳವಾಗಿ ಸಿಗುವ ಲೋಹಗಳಲ್ಲಿ ಒಂದು, ಬರುವುದು ಹೆಚ್ಚಾಗಿ ದಕ್ಷಿಣ ಆಫ್ರಿಕಾದಿಂದ. ಕಬ್ಬಿಣದ ಕಥೆ ಬೇರೆ. ಮಂಗಳೂರಿನವರಿಗೆ ಅದನ್ನು ಹೇಳಿಕೊಡಬೇಕಾಗಿಲ್ಲ. ಕುದುರೆಮುಖದ ಅದಿರು ನೀರಿನಲ್ಲಿ ಕಲಸಿ ಪೈಪಿನಲ್ಲಿ ಘಟ್ಟ ಇಳಿದು ಪಣಂಬೂರಿಗೆ ಬರುತ್ತಿದ್ದ ಕಾಲವನ್ನು ನೋಡಿದವರು ನಾವು. 2005ರ ಕೊನೆಗೆ ಸುಪ್ರೀಂ ಕೋರ್ಟ್ ಆದೇಶದಂತೆ ಗಣಿ ನಿಂತಿತು, ನಿಂತದ್ದು ಒಳ್ಳೆಯದೇ ಆಯಿತು. ಕ್ಯಾಟಲಿಸ್ಟಿಗೆ ಕಬ್ಬಿಣ ಬೇಕೆಂದರೆ ಮತ್ತೆ ಘಟ್ಟ ಅಗೆಯಬೇಕಾಗಿಲ್ಲ, ಬೇಕಾಗುವುದು ತೀರಾ ಸ್ವಲ್ಪ. ಕಷ್ಟ ಇರುವುದು ಬೇರೆ ಕಡೆ. ರೋಡಿಯಂ, ಇರಿಡಿಯಂ ಎರಡೆರಡು ಎಲೆಕ್ಟ್ರಾನ್ ಒಟ್ಟಿಗೆ ಕೊಟ್ಟು ತೆಗೆದುಕೊಳ್ಳುವುದರಲ್ಲಿ ಪಳಗಿದ ಲೋಹಗಳು. ಕಬ್ಬಿಣ, ಕೋಬಾಲ್ಟ್, ಮ್ಯಾಂಗನೀಸ್ ಒಂದೊಂದೇ ಎಲೆಕ್ಟ್ರಾನ್ ಕಡೆ ವಾಲುತ್ತವೆ, ಆಗ ಬೇಡದ ಅಡ್ಡದಾರಿಗಳು ತೆರೆದುಕೊಳ್ಳುತ್ತವೆ. ಹೀಗಾಗಿ ಇವುಗಳಿಗೆ ಜೊತೆಯಲ್ಲಿ ದುಡಿಯುವ ಲಿಗ್ಯಾಂಡ್ ಇನ್ನೂ ಹೆಚ್ಚು ಬೇಕು. ಪ್ರೋಟಾನ್ ಹಿಡಿಯುವ ಲಿಗ್ಯಾಂಡ್, ಇಲ್ಲವಾದರೆ ಎಲೆಕ್ಟ್ರಾನನ್ನೇ ತನ್ನಲ್ಲಿ ಇಟ್ಟುಕೊಂಡು ಬೇಕಾದಾಗ ಕೊಡುವ ಲಿಗ್ಯಾಂಡ್.

ಕಬ್ಬಿಣದ ಒಂದು ಉದಾಹರಣೆ ಹೇಳದೆ ಇರಲಾರೆ. ಜರ್ಮನಿಯ ಕ್ನೋಲ್ಕರ್ 1999ರಲ್ಲಿ ಒಂದು ಕಬ್ಬಿಣದ ಸಂಯುಕ್ತ ಮಾಡಿ ಪ್ರಕಟಿಸಿದರು. ಅದರಲ್ಲಿ ಕಬ್ಬಿಣದ ಮೇಲೆ ಒಂದು ಹೈಡ್ರೋಜನ್ ಇದೆ, ಪಕ್ಕದ ಉಂಗುರದ ಮೇಲೆ ಒಂದು ಹೈಡ್ರಾಕ್ಸಿಲ್ ಇದೆ. 2007ರಲ್ಲಿ ಅಮೆರಿಕದ ಕೇಸಿ ಮತ್ತು ಗುವಾನ್ ಅದನ್ನು ಕೀಟೋನ್ ಜೊತೆ ಹಾಕಿ ಹೈಡ್ರೋಜನ್ ಒತ್ತಡ ಕೊಟ್ಟು ನೋಡಿದರು. ಚೆನ್ನಾಗಿ ಕೆಲಸ ಮಾಡಿತು. ಶ್ವೋ ಎಂಬುವವರ ರುಥೇನಿಯಂ ಕ್ಯಾಟಲಿಸ್ಟಿನಲ್ಲಿ ಇದೇ ಜೋಡಿ ಇದೆ ಎಂದು ಗೊತ್ತಿದ್ದರಿಂದಲೇ ಕಬ್ಬಿಣದಲ್ಲೂ ಅದು ನಡೆಯಬಹುದು ಎಂದು ಅವರಿಗೆ ಹೊಳೆದದ್ದು. ಎಂಟು ವರ್ಷ ಆ ಸಂಯುಕ್ತ ಜರ್ನಲ್‌ನ ಪುಟದಲ್ಲೇ ಕಣ್ಣೆದುರು ಇತ್ತು! 2014ರಲ್ಲಿ ಯೇಲ್‌ನ ಹಝಾರಿ ಮತ್ತು ಜರ್ಮನಿಯ ಶ್ನೈಡರ್ ಅವರ ತಂಡಗಳು ಪಿನ್ಸರ್ ಕಟ್ಟಿದ ಕಬ್ಬಿಣಕ್ಕೆ ಲೀಥಿಯಂ ಉಪ್ಪು ಸೇರಿಸಿ ಫಾರ್ಮಿಕ್ ಆಸಿಡ್ ಒಡೆದವು, ಒಂದೊಂದು ಅಣು ಹತ್ತಿರ ಹತ್ತಿರ 10 ಲಕ್ಷ ಸಲ ತಿರುಗಿತು. ಕಬ್ಬಿಣ!

ಇದನ್ನೆಲ್ಲ ನಾವು ಹೊಸದಾಗಿ ಕಂಡುಹಿಡಿದೆವು ಎಂದೇನಿಲ್ಲ. ಗಾಳಿ ತಾಗದ ಕೆಸರಿನಲ್ಲಿ ಬದುಕುವ ಕೆಲವು ಬ್ಯಾಕ್ಟೀರಿಯಾಗಳ ಎಂಜೈಮಿನಲ್ಲಿ ಎರಡು ಕಬ್ಬಿಣದ ಪರಮಾಣು ಇವೆ, ಅವುಗಳ ಮಗ್ಗುಲಲ್ಲೇ ಪ್ರೋಟಾನ್ ಹಿಡಿಯಲು ತಯಾರಾಗಿ ಒಂದು ಸಾರಜನಕ ಕೂತಿದೆ. ಹೈಡ್ರೋಜನ್ ಮಾಡುವುದು, ಒಡೆಯುವುದು ಅದರ ಕೆಲಸ. ಅಮೆರಿಕದ ಡ್ಯಾನಿಯಲ್ ಡ್ಯೂಬಾ ಅವರ ತಂಡ ಇದನ್ನು ನೋಡಿಯೇ ನಿಕಲ್ ಸುತ್ತ ಸಾರಜನಕ ಇರುವ ಲಿಗ್ಯಾಂಡ್ ಕಟ್ಟಿ, 2011ರಲ್ಲಿ ಸೆಕೆಂಡಿಗೆ 1 ಲಕ್ಷಕ್ಕೂ ಹೆಚ್ಚು ಹೈಡ್ರೋಜನ್ ಅಣು ಮಾಡುವ ವೇಗ ತೋರಿಸಿತು. ಹಾಗೆ ಮಾಡಲು ವಿದ್ಯುತ್ ಜಾಸ್ತಿ ಕೊಡಬೇಕಾಯಿತು ಎಂಬುದೂ ನಿಜ.

ಈಗ ನಮ್ಮ ಊರಿನ ವಿಷಯ. ಇಲ್ಲಿ ಕಾಲೇಜುಗಳಿಗೆ ಕೊರತೆ ಇದೆಯೇ? ಸುರತ್ಕಲ್‌ನಲ್ಲಿ ಎನ್‌ಐಟಿಕೆ, ಕೊಣಾಜೆಯಲ್ಲಿ ವಿಶ್ವವಿದ್ಯಾಲಯ, ಮಣಿಪಾಲ, ಮಂಗಳೂರು ಉಡುಪಿಯಲ್ಲಿ ಹೆಜ್ಜೆಗೊಂದು ಡಿಗ್ರಿ ಕಾಲೇಜು. ಪಣಂಬೂರಿನಲ್ಲಿ ಗೊಬ್ಬರದ ಕಾರ್ಖಾನೆ, ಅದರಾಚೆ ಎಂಆರ್‌ಪಿಎಲ್ ತೈಲ ಶುದ್ಧೀಕರಣಾಗಾರ, ಎರಡೂ ಕಡೆ ಕ್ಯಾಟಲಿಸ್ಟ್ ಇಲ್ಲದೆ ಒಂದು ದಿನ ನಡೆಯುವುದಿಲ್ಲ. ಅಲ್ಲಿರುವುದು ಘನ ಕ್ಯಾಟಲಿಸ್ಟ್, ನಾನು ಹೇಳುತ್ತಿರುವುದು ದ್ರಾವಣದಲ್ಲಿ ಕರಗುವ ಬಗೆ. ಆದರೂ ಇಷ್ಟೆಲ್ಲ ಇರುವ ಜಿಲ್ಲೆಯ ಮಗುವಿಗೆ ಕ್ಯಾಟಲಿಸ್ಟ್ ಎಂದರೆ ಎರಡು ಅಂಕದ ಡೆಫಿನಿಷನ್ ಮಾತ್ರ ಆಗಿರುವುದು ನನಗೆ ನಿಜಕ್ಕೂ ಬೇಸರದ ವಿಷಯ. ನಾನು ಬೋರ್ಡಿನ ಮೇಲೆ ನೊಯೋರಿ ಚಕ್ರ ಬರೆದ ದಿನ ಹಿಂದಿನ ಬೆಂಚಿನಿಂದ ಪ್ರಶ್ನೆ ಬಂತು, "ಮೇಡಂ, ಇದು ಸಿಇಟಿಗೆ ಬರ್ತದಾ?" ಆ ಹುಡುಗನ ತಪ್ಪಿಲ್ಲ. ಬೆಳಗ್ಗೆ ಕೋಚಿಂಗ್, ಹಗಲು ಕಾಲೇಜು, ಸಂಜೆ ಮತ್ತೆ ಟೆಸ್ಟ್. ಬರುವುದಿಲ್ಲ ಮಗಾ ಎಂದು ಹೇಳಿ ಮುಂದುವರಿಸಿದೆ. ಕ್ಲಾಸ್ ಮುಗಿದ ಮೇಲೆ ಅದೇ ಹುಡುಗ ಬಂದು, ಸಾರಜನಕದ ಜಾಗದಲ್ಲಿ ಆಕ್ಸಿಜನ್ ಇಟ್ಟರೆ ಏನಾಗ್ತದೆ ಎಂದು ಕೇಳಿದ. ಶ್ವೋ ಅವರ ಕ್ಯಾಟಲಿಸ್ಟಿನಲ್ಲಿ ಇರುವುದೂ ಆಕ್ಸಿಜನ್ ಮೇಲಿನ ಹೈಡ್ರೋಜನ್ನೇ. ಇಂಥ ಮಕ್ಕಳು ನಮ್ಮಲ್ಲಿ ಬೇಕಾದಷ್ಟು ಇದ್ದಾರೆ.

ಎಲ್ಲದಕ್ಕೂ ಕೋಟಿಗಟ್ಟಲೆ ಬೇಕು ಎಂಬ ಮಾತನ್ನೂ ನಾನು ಒಪ್ಪುವುದಿಲ್ಲ. ಪಿನ್ಸರ್ ಫಾಸ್ಫೀನ್ ಮಾಡಲು ಗಾಳಿ ತಾಗದ ಗ್ಲೋವ್ ಬಾಕ್ಸ್ ಬೇಕು, ಅದು ಸಣ್ಣ ಕಾಲೇಜಿಗೆ ಆಗುವ ಮಾತಲ್ಲ, ನಿಜ. ಆದರೆ ಸಾಲೆನ್ ಎಂಬ ಲಿಗ್ಯಾಂಡ್ ಇದೆ. ಸ್ಯಾಲಿಸಿಲಾಲ್ಡಿಹೈಡ್ ಅನ್ನು ಬಿಸಿ ಎಥನಾಲ್‌ನಲ್ಲಿ ಕರಗಿಸಿ ಎಥಿಲೀನ್ ಡೈಅಮೀನ್ ಹನಿ ಹನಿಯಾಗಿ ಬಿಟ್ಟರೆ, ಬೀಕರ್ ಕಣ್ಣೆದುರೇ ಹಳದಿಯಾಗುತ್ತದೆ. ಸ್ವಲ್ಪ ಹೊತ್ತಿನಲ್ಲಿ ಹೊಳೆಯುವ ಹಳದಿ ಚೂರುಗಳು ಇಳಿಯುತ್ತವೆ. ಸೋಸಿ, ತಣ್ಣನೆಯ ಎಥನಾಲ್‌ನಲ್ಲಿ ತೊಳೆದು ಒಣಗಿಸಿದರೆ ಲಿಗ್ಯಾಂಡ್ ರೆಡಿ. ತಾಮ್ರದ ಅಸಿಟೇಟ್ ಹಾಕಿದರೆ ಬಣ್ಣ ಕಪ್ಪು ಹಸಿರಿನ ಕಡೆ ತಿರುಗುತ್ತದೆ. ಗ್ಲೋವ್ ಬಾಕ್ಸ್ ಬೇಡ, ಬಿಸಿ ಮಾಡಲು ಹಾಟ್ ಪ್ಲೇಟ್ ಮತ್ತು ಗಾಳಿಯಾಡುವ ಫ್ಯೂಮ್ ಹುಡ್ ಸಾಕು. ಇದು ಬರೀ ಪ್ರಾಕ್ಟಿಕಲ್ ರೆಕಾರ್ಡ್ ತುಂಬಿಸುವ ವಸ್ತು ಅಲ್ಲ. ಗ್ಯಾಲಕ್ಟೋಸ್ ಆಕ್ಸಿಡೇಸ್ ಎಂಬ ಶಿಲೀಂಧ್ರದ ಎಂಜೈಮಿನಲ್ಲಿ ಒಂದು ತಾಮ್ರ ಇದೆ, ಆಲ್ಕೋಹಾಲ್‌ನಿಂದ ಎರಡು ಎಲೆಕ್ಟ್ರಾನ್ ತೆಗೆಯಬೇಕು. ತಾಮ್ರ ಒಂದನ್ನು ತೆಗೆದುಕೊಳ್ಳುತ್ತದೆ, ಅದಕ್ಕೆ ಲಿಗ್ಯಾಂಡ್ ಆಗಿರುವ ಪಕ್ಕದ ಟೈರೋಸಿನ್ ಎಂಬ ಅಮೈನೋ ಆಸಿಡ್ ಇನ್ನೊಂದನ್ನು ತೆಗೆದುಕೊಳ್ಳುತ್ತದೆ. ಅಲ್ಲಿ ಲಿಗ್ಯಾಂಡ್ ಅರ್ಧ ಕೆಲಸ ಮಾಡುತ್ತಿದೆ, ಅಕ್ಷರಶಃ ಅರ್ಧ. ಸ್ಟ್ಯಾನ್‌ಫರ್ಡಿನ ಸ್ಟ್ಯಾಕ್ ಅವರ ತಂಡ 1998ರಲ್ಲಿ ಈ ಎಂಜೈಮನ್ನು ಅನುಕರಿಸಿದ್ದು ಸಾಲೆನ್‌ನ ದಾಯಾದಿ ಎನ್ನಬಹುದಾದ ಲಿಗ್ಯಾಂಡ್‌ಗಳಿಂದ. ನಮ್ಮ ಬಿಎಸ್ಸಿ ಹುಡುಗಿ ಸೋಸಿ ತೆಗೆದ ಹಳದಿ ಚೂರಿಗೂ ಈ ಸಂಶೋಧನೆಗೂ ದೂರ ತುಂಬಾ ಏನಿಲ್ಲ.

ಹಾಗಾಗಿ ನನ್ನ ಕೇಳಿಕೆಗಳು ಇವು. ಪಿಯು ಉಪನ್ಯಾಸಕ ಮಿತ್ರರೇ, ವಿಲ್ಕಿನ್ಸನ್ ಕ್ಯಾಟಲಿಸ್ಟ್ ಬರುವ ಸಾಲಿನಲ್ಲಿ ಒಂದು ಪೀರಿಯಡ್ ನಿಲ್ಲಿ. ಲೋಹದ ಮೇಲೊಂದು ಹೈಡ್ರೋಜನ್, ಸಾರಜನಕದ ಮೇಲೊಂದು ಹೈಡ್ರೋಜನ್ ಬರೆದು, ಕೀಟೋನ್ ತಂದು ಪಕ್ಕಕ್ಕಿಡಿ. ಮುಂದಿನದನ್ನು ಮಕ್ಕಳೇ ಹೇಳುತ್ತಾರೆ. ಡಿಗ್ರಿ ಕಾಲೇಜಿನವರು ಕೊನೆಯ ವರ್ಷದ ಪ್ರಾಜೆಕ್ಟಿನಲ್ಲಿ ಸಾಲೆನ್‌ನಂಥ ಲಿಗ್ಯಾಂಡ್ ಮಾಡಿಸಿ, ಅದರಲ್ಲಿ ಒಂದು ಗುಂಪು ಬದಲಿಸಿದರೆ ಕೆಲಸ ಹೇಗೆ ಬದಲಾಗುತ್ತದೆ ಎಂದು ಅಳೆಯಲು ಹೇಳಿ. ಬರೀ ಮಾಡಿ, ಬಣ್ಣ ನೋಡಿ, ಬಾಟಲಿಗೆ ತುಂಬಿಟ್ಟು ಕೈ ತೊಳೆದುಕೊಳ್ಳುವುದು ಬೇಡ. ಅಣುವಿನ ರಚನೆ ತಿಳಿಯಲು ಬಳಸುವ ಎನ್‌ಎಂಆರ್‌ನಂಥ ಯಂತ್ರ ಇರುವ ದೊಡ್ಡ ಸಂಸ್ಥೆಗಳು ಸುತ್ತಲಿನ ಸಣ್ಣ ಕಾಲೇಜುಗಳ ಸ್ಯಾಂಪಲ್‌ಗಳಿಗೆ ತಿಂಗಳಿಗೆ ಒಂದು ದಿನ ಬಿಟ್ಟುಕೊಡಲಿ, ಮಕ್ಕಳನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ತೋರಿಸಲಿ. ಸ್ಯಾಂಪಲ್ ಕಳಿಸಿ ವಾರಗಟ್ಟಲೆ ಕಾದು, ಕೊನೆಗೆ ಒಂದು ಕಾಗದದ ಗ್ರಾಫ್ ಮಾತ್ರ ಕೈಗೆ ಬರುವುದರಿಂದ ಯಾರಿಗೂ ಏನೂ ಕಲಿಯಲು ಆಗುವುದಿಲ್ಲ. ಪಿಲಿಕುಳದ ವಿಜ್ಞಾನ ಕೇಂದ್ರದವರು ಮನಸ್ಸು ಮಾಡಿದರೆ, ಬಟನ್ ಒತ್ತಿದಾಗ ಪಿಎಚ್ ಬದಲಾಗಿ ಫಾರ್ಮಿಕ್ ಆಸಿಡ್ ಆಗುವುದು, ಒಡೆಯುವುದು ತೋರಿಸುವ ಒಂದು ಮಾದರಿ ಮಾಡಬಹುದು. ರಬ್ಬರ್ ಬೆಳೆಗಾರರ ಮಕ್ಕಳು ಅದನ್ನು ನೋಡಲಿ, ಮನೆಯ ಕ್ಯಾನಿನಲ್ಲಿರುವುದೇ ಇದು ಎಂದು ಗುರುತಿಸಲಿ.

ಕೇಂದ್ರ ಸರ್ಕಾರ 2023ರ ಜನವರಿಯಲ್ಲಿ ರಾಷ್ಟ್ರೀಯ ಹಸಿರು ಹೈಡ್ರೋಜನ್ ಮಿಷನ್ ಒಪ್ಪಿತು, 19,744 ಕೋಟಿ ರೂಪಾಯಿ ಇಟ್ಟಿದೆ. ಅದರಲ್ಲಿ ಸಂಶೋಧನೆಗೂ ಪಾಲಿದೆ. ನಮ್ಮ ಕರಾವಳಿಯ ಕಾಲೇಜುಗಳಿಂದ ಲಿಗ್ಯಾಂಡ್ ವಿನ್ಯಾಸದ ಬಗ್ಗೆ ಪ್ರಸ್ತಾವನೆಗಳು ಹೋಗಬೇಕು ಎಂದು ನಾನು ಆಸೆಪಡುತ್ತೇನೆ.

ಕೊನೆಯದಾಗಿ ನಿಮ್ಮಲ್ಲಿಯೇ ಒಂದು ಕೋರಿಕೆ, ಸಂಪಾದಕರೇ. ನಿಮ್ಮ ವಿಜ್ಞಾನ ಪುಟದಲ್ಲಿ ಮುಂದಿನ ಸಲ ಕ್ಯಾಟಲಿಸ್ಟ್ ಬಗ್ಗೆ ಬರೆಸುವಾಗ ಲೋಹದ ಹೆಸರಿನ ಪಕ್ಕದಲ್ಲಿ ಲಿಗ್ಯಾಂಡ್‌ನ ಚಿತ್ರವನ್ನೂ ಹಾಕಿಸಿ. ಪ್ರೋಟಾನ್ ಎಲ್ಲಿಂದ ಎಲ್ಲಿಗೆ ಹೋಯಿತು ಎಂದು ಒಂದು ಬಾಣ ಹಾಕಿದರೆ ಸಾಕು. ಬರೆಯುವವರು ಸಿಗದಿದ್ದರೆ ನಾನು ಬರೆದುಕೊಡುತ್ತೇನೆ, ಸಂಭಾವನೆ ಏನೂ ಬೇಡ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ಕೆಮಿಸ್ಟ್ರಿ ಉಪನ್ಯಾಸಕಿ
ಉಡುಪಿ